ಹನ್ನೊಂದು ಹಾಳೆ, ಒಂದೇ ಅರಿಶಿನದ ಗುರುತು

ನನ್ನ ಮೊಮ್ಮಗಳ ಕಂಪನಿ ನನ್ನ ಮೊಮ್ಮಗಳದೇ ಎಂದು ಇವತ್ತು ಬೆಳಿಗ್ಗೆ ಬರೆದು ಕಳಿಸಿದ್ದಾರೆ. ಪಟ್ಟಿಯಿಂದ ಅವಳ ಹೆಸರು ತೆಗೆಯುವುದಿಲ್ಲವಂತೆ, ಸರ್ಕಾರದ ಕೆಲಸವೂ ಅವಳ ಕೈಯಲ್ಲೇ ಉಳಿಯುತ್ತದಂತೆ. ಮಗಳು ಮೂರು ಸಲ ಓದಿ ಹೇಳಿದಳು. ನಾನು ನಾಲ್ಕನೆಯ ಸಲ ಓದಿಸಿದೆ. ಅಷ್ಟಾದರೂ ಕೈಕಾಲು ಒಂದು ಕಡೆ ನಿಲ್ಲಲಿಲ್ಲ. ಮನೆಯಲ್ಲಿರುವವರು ನಾನು, ಮಗಳು, ಅಳಿಯ, ಮೊಮ್ಮಗಳು, ನಾಲ್ಕೇ ಮಂದಿ. ನಾನು ಹತ್ತು ಮಂದಿಗಾಗುವಷ್ಟು ಕಡಲೆಬೇಳೆ ಕುದಿಯಲು ಇಟ್ಟುಬಿಟ್ಟಿದ್ದೆ. ಮಗಳು ಪಾತ್ರೆಯೊಳಗೆ ಇಣುಕಿ, "ಅವ್ವಾ, ಇಡೀ ಕ್ರಾನ್‌ಬರ್ನ್‌ಗೆ ಹೋಳಿಗಿ ಮಾಡಾಕತ್ತೀಯೇನ?" ಎಂದಳು. ಮಾಡಿದರೆ ಮಾಡಿದೆ, ತಿನ್ನುವವರು ತಿನ್ನಲಿ ಎಂದೆ.

ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ಹುಬ್ಬಳ್ಳಿಯಲ್ಲಿ ಶಾಲೆಯ ಮಕ್ಕಳ ಅಂಗಿ ಚಡ್ಡಿ, ಹೆಂಗಸರ ಕುಪ್ಪಸ ಹೊಲಿದು ಮಗಳನ್ನು ನರ್ಸ್ ಮಾಡಿದೆ. ಅವಳು ಇಲ್ಲಿ ಮೆಲ್ಬರ್ನಿನ ಕ್ಲೇಟನ್‌ನ ಆಸ್ಪತ್ರೆಗೆ ಬಂದಳು, ಅವಳ ಹಿಂದೆ ನಾನು ಬಂದೆ. ಕಾನೂನು ನನಗೆ ತಿಳಿಯುವುದಿಲ್ಲ. ಆದರೆ ಈ ಒಂದು ವರ್ಷದಲ್ಲಿ ಒಂದು ಕಾಗದ ಮನುಷ್ಯರನ್ನು ಏನು ಮಾಡಬಲ್ಲದು ಎಂಬುದು ತಿಳಿಯಿತು. ಅದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ.

ಮೊಮ್ಮಗಳು ಡಾಕ್ಟರಾಗಲಿ ಎಂದು ಮಗಳ ಆಸೆ. ಅವಳು ಒಂದು ವರ್ಷ ಯೂನಿವರ್ಸಿಟಿಗೆ ಹೋಗಿ, ಒಂದು ದಿನ ಇದ್ದಕ್ಕಿದ್ದಂತೆ ಇಲ್ಲಿನ ಸೈನ್ಯ ಸೇರಿದ್ದೇನೆ ಎಂದು ಬಂದು ಹೇಳಿದಳು. ಮಗಳು ಎರಡು ದಿನ ಊಟ ಬಿಟ್ಟಳು. ಅಲ್ಲಿ ನಿನಗೆ ಏನು ಕೆಲಸ ಕೊಡುತ್ತಾರೆ ಎಂದು ನಾನು ಕೇಳಿದೆ. ಡೇರೆ, ತಾಡಪತ್ರಿ, ಬೆಲ್ಟು, ಚೀಲ ಇವುಗಳ ದುರಸ್ತಿ ಅಂದಳು. ಅಂದರೆ ಹೊಲಿಗೆ. ನನಗೆ ನಗು ತಡೆಯಲಿಲ್ಲ. ಇವಳ ತಾಯಿಯನ್ನು ಹೊಲಿಗೆಯಿಂದ ಬಿಡಿಸಲು ನಾನು ಅಷ್ಟು ಒದ್ದಾಡಿದ್ದೆ, ಇವಳು ಕೋವಿ ಹಿಡಿಯುವ ಕಡೆಗೆ ಹೋಗಿ ಸೂಜಿ ಹಿಡಿದಿದ್ದಳು.

ಏಳು ವರ್ಷ ಇದ್ದು, ಮೊಣಕಾಲು ನೋವಾಗಿ ಹೊರಗೆ ಬಂದಳು. ಬಂದವಳು ಮನೆಯ ಗ್ಯಾರೇಜಿನಲ್ಲಿ ಎರಡು ದೊಡ್ಡ ಮಿಷನ್ನು ಹಾಕಿ ಲಾರಿ, ಟ್ರೇಲರ್‌ಗಳಿಗೆ ಹೊದಿಕೆ ಹೊಲಿಯತೊಡಗಿದಳು. ಒಂದರ ಮುಂದೆ ಅವಳು, ಇನ್ನೊಂದರ ಮುಂದೆ ನಾನು. ತಾಡಪತ್ರಿ ಹೊಲಿಯುವುದೆಂದರೆ ಕುಪ್ಪಸ ಹೊಲಿದ ಹಾಗಲ್ಲ, ಬಟ್ಟೆಯ ಜೊತೆ ಕುಸ್ತಿ ಆಡಬೇಕು. "ಅಜ್ಜಿ, ನಿಮ್ಮ ಸ್ಟಿಚ್ ನನಗಿಂತ ಸ್ಟ್ರೇಟ್ ಇದೆ" ಎನ್ನುವಳು. ಆ ಮಾತಿಗೆ ಇನ್ನೂ ಎರಡು ಹೊದಿಕೆ ಹೊಲಿದುಕೊಡುತ್ತಿದ್ದೆ. ಆಮೇಲೆ ಕ್ರಾನ್‌ಬರ್ನ್‌ನಲ್ಲೇ ಒಂದು ಶೆಡ್ ಹಿಡಿದಳು.

ಸೈನ್ಯ ಬಿಟ್ಟು ಬಂದವರು ನಡೆಸುವ ಸಣ್ಣ ಕಂಪನಿಗಳದು ಎಂದು ಇಲ್ಲಿ ಒಂದು ಪಟ್ಟಿ ಇದೆ. ಅದರಲ್ಲಿ ಹೆಸರಿದ್ದರೆ ಸರ್ಕಾರದ ಇಲಾಖೆಯವರು ಕೆಲಸ ಕೊಡುವಾಗ ಕರೆದು ಕೇಳುತ್ತಾರೆ. ಆದರೆ ಅರ್ಧಕ್ಕಿಂತ ಹೆಚ್ಚು ಪಾಲು ಸೈನ್ಯದಲ್ಲಿದ್ದವರದೇ ಇರಬೇಕು. ಪಾಲು ಇದ್ದರೆ ಸಾಲದು, ಯಾವ ಕೆಲಸ ಹಿಡಿಯಬೇಕು, ಯಾವುದು ಬಿಡಬೇಕು ಎಂದು ತೀರ್ಮಾನ ಮಾಡುವವರೂ ಅವರೇ ಆಗಿರಬೇಕು. ಮುಂದೆ ಸೈನ್ಯದವರ ಹೆಸರು, ಹಿಂದೆ ಬೇರೆಯವರ ಆಟ ಎಂದಾದರೆ ಅದು ಮೋಸ. ನಾನೇ ನಡೆಸುತ್ತೇನೆ ಎಂದು ಪಟ್ಟಿಯವರಿಗೆ ಮೊಮ್ಮಗಳು ಸಹಿ ಮಾಡಿ ಬರೆದುಕೊಟ್ಟಿದ್ದಳು. ಇಲಾಖೆಯಿಂದ ವಾಹನದ ಹೊದಿಕೆಗಳ ದೊಡ್ಡ ಕೆಲಸ ಬಂತು, ಎಲ್ಲವನ್ನೂ ಈ ದೇಶದಲ್ಲೇ ಹೊಲಿಯಬೇಕು ಎಂಬ ಕರಾರಿನ ಮೇಲೆ. ದೊಡ್ಡದೆಂದರೆ ನಮ್ಮ ಶೆಡ್ಡಿನಲ್ಲಿ ಮುಗಿಯದಷ್ಟು ದೊಡ್ಡದು.

ಆಗ ನನಗೆ ನೆನಪಾದದ್ದು ರೌಸ್ ಹಿಲ್ ಅಣ್ಣ.

ಅವನು ಒಡಹುಟ್ಟಿದ ಅಣ್ಣನಲ್ಲ. ನಮ್ಮ ಓಣಿಯ ಹಿಂದಿನ ಓಣಿಯವನು, ಸಿಡ್ನಿಯ ರೌಸ್ ಹಿಲ್‌ಗೆ ಬಂದು ಬಟ್ಟೆಯ ಕಾರ್ಖಾನೆ ಹಾಕಿ ದೊಡ್ಡವನಾಗಿದ್ದ. ಒಂದು ಮದುವೆಯಲ್ಲಿ ಸಿಕ್ಕಾಗ ಗುರುತು ಹಿಡಿದು, "ನಾಗರ ಪಂಚಮಿಗೆ ನಿನ್ನ ಕರಿಯಾಕ ಬರಾವ್ರು ಇಲ್ಲಿ ಯಾರವಾ ತಂಗಿ?" ಎಂದು ಕೇಳಿದ್ದ. ಯಾರೂ ಇಲ್ಲ ಅಂದೆ. ಆ ವರ್ಷವೇ ಬಂದ. ವಿಮಾನದಲ್ಲಿ ಮೆಲ್ಬರ್ನಿಗೆ ಬಂದು ನನ್ನನ್ನು ಕರೆದುಕೊಂಡು ಮತ್ತೆ ವಿಮಾನದಲ್ಲಿ ಸಿಡ್ನಿಗೆ ಹೋದ. ಅವನ ಹೆಂಡತಿ, ನನ್ನ ವೈನಿ, ನನ್ನ ತಲೆಗೆ ಎಣ್ಣೆ ಹಚ್ಚಿ ನೀರೆರೆದಳು. ಅವರ ಮನೆಯ ಹಿಂದಿನ ಚಾವಣಿಯ ಕಂಬಿಗೆ ಹಗ್ಗ ಕಟ್ಟಿ ಜೋಕಾಲಿ ಹಾಕಿಕೊಟ್ಟಿದ್ದ. ಇಲ್ಲಿ ಪಂಚಮಿ ಬರುವುದು ಚಳಿಗಾಲದಲ್ಲಿ; ಅರವತ್ತು ದಾಟಿದ ನಾನು ಶಾಲು ಹೊದ್ದುಕೊಂಡು, ಆ ಚಳಿಯಲ್ಲಿ ಜೋಕಾಲಿ ಆಡಿದೆ. ಎಂಟು ವರ್ಷ ಹೀಗೇ ನಡೆಯಿತು. ಹೋಗುವಾಗ ನಾನು ಉಂಡಿ ಕಟ್ಟಿಕೊಂಡು ಹೋಗುವುದು, ಬರುವಾಗ ಅವನು ಕುಪ್ಪಸದ ಖಣ ಕೊಡುವುದು. ಈ ದೇಶದಲ್ಲಿ ನನಗೂ ಒಂದು ತವರು ಇದೆ ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ್ದೆ.

ಮೊಮ್ಮಗಳಿಗೆ ಅವನ ಹೆಸರು ಹೇಳಿದವಳು ನಾನೇ. ಇಬ್ಬರೂ ಫೋನಿನಲ್ಲಿ ಮಾತಾಡಿದರು. ಅವನು ಮಿಷನ್ನು, ಆಳು ಒದಗಿಸುವುದು, ಅವನಿಗೆ ಸಣ್ಣ ಪಾಲು ಕೊಡುವುದು, ತೀರ್ಮಾನವೆಲ್ಲ ಮೊಮ್ಮಗಳದು. ಹಾಗೆಂದು ಕರಡು ಬರೆದು ಅವನೇ ಇಮೇಲ್‌ನಲ್ಲಿ ಕಳಿಸಿದ. ಮೊಮ್ಮಗಳು ಎರಡು ದಿನ ಕೂತು ಓದಿದಳು. ಸರಿಯಾಗಿದೆ ಅಂದಳು.

ಆ ವರ್ಷದ, ಎಂಟನೆಯ ಪಂಚಮಿಗೆ ನನ್ನನ್ನು ಕರೆಯಲು ಬಂದಾಗ ಅಣ್ಣ ಖಣದ ಜೊತೆಗೆ ಕಾಗದವನ್ನೂ ತಂದ. ಹನ್ನೊಂದು ಹಾಳೆ. ಮೊಮ್ಮಗಳು ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡು, ಕರಡಿನ ಜೊತೆ ಸಾಲುಸಾಲು ತಾಳೆ ನೋಡಿದಳು. ಎಲ್ಲ ಒಂದೇ. ಅಣ್ಣ ಹಿತ್ತಿಲಲ್ಲಿ ಅಳಿಯನ ಕರಿಬೇವಿನ ಗಿಡ ನೋಡುತ್ತ ನಿಂತಿದ್ದ. ಅಣ್ಣನಿಗೆಂದು ಹೋಳಿಗೆಯ ಕಡಲೆಬೇಳೆ ಕುದಿಯಲು ಇಟ್ಟಿದ್ದ ನಾನು ಆಗ ಒಂದು ಬಟ್ಟಲಲ್ಲಿ ಅರಿಶಿನ ಕಲಸಿದೆ. ಶುಭದ ಕಾಗದಕ್ಕೆ ಅರಿಶಿನ ಇಲ್ಲದೆ ಹೇಗೆ? ಮಗಳು, "ಅವ್ವಾ, ಅದು ಲೀಗಲ್ ಪೇಪರ್, ಲಗ್ನಪತ್ರಿಕಿ ಅಲ್ಲ" ಎಂದಳು. ನಾನು ಕೇಳಲಿಲ್ಲ. ಹೆಬ್ಬೆರಳು ಅದ್ದಿ ಒಂದೊಂದು ಹಾಳೆಯ ಕೆಳಗಿನ ಮೂಲೆಗೂ ಒತ್ತಿದೆ. ಮೇಲಿನ ಹಾಳೆಗೆ ಒಂದು ಹಚ್ಚಿದರೆ ಸಾಕಿತ್ತು. ಆದರೆ ನಲವತ್ತು ವರ್ಷದ ರೂಢಿ. ಒಂದರ ಮೇಲೊಂದು ಬಟ್ಟೆ ಹಾಕಿ ಒಟ್ಟಿಗೆ ಕತ್ತರಿಸಿದಾಗ ಪ್ರತಿ ತುಂಡಿಗೂ ಗುರುತು ಹಾಕಬೇಕು. ಇಲ್ಲದಿದ್ದರೆ ಒಬ್ಬರ ತೋಳು ಇನ್ನೊಬ್ಬರ ಅಂಗಿಗೆ ಹೋಗಿ ಸೇರುತ್ತದೆ. ಕೈ ತನ್ನಷ್ಟಕ್ಕೆ ತಾನೇ ಆ ಕೆಲಸ ಮಾಡಿತು.

ಅಣ್ಣ ಒಳಗೆ ಬಂದ. ಕೊನೆಯ ಹಾಳೆಗೆ ಇಬ್ಬರೂ ಸಹಿ ಹಾಕಿದರು. ಸಾಕ್ಷಿಗೆ ನಾನು ಕನ್ನಡದಲ್ಲಿ ಸಹಿ ಹಾಕಿದೆ. ಅಣ್ಣ ಕಾಗದ ಜೋಡಿಸಿ ಚೀಲಕ್ಕೆ ಹಾಕಿಕೊಳ್ಳಲು ಹೋದಾಗ ಮೊಮ್ಮಗಳು ಫೋನ್ ತೆಗೆದಳು.

"ಒನ್ ಮಿನಿಟ್ ಅಂಕಲ್, ಎಲ್ಲಾ ಪೇಜ್ ಫೋಟೋ ತೆಗೀತೀನಿ."

ಅಣ್ಣನ ಮುಖ ಸಣ್ಣದಾಯಿತು. "ಯಾಕವಾ, ನಾ ಓಡಿ ಹೊಂಟೇನೇನು? ನಮ್ಮ ವಕೀಲರ ಹತ್ರ ಇಟ್ಟು ನಿನಗೊಂದು ಕಾಪಿ ಕಳಸ್ತೇನಿ" ಎಂದ.

ನನ್ನ ಮೈ ಉರಿಯಿತು. ಅವನ ಮೇಲಲ್ಲ, ಮೊಮ್ಮಗಳ ಮೇಲೆ. ತಂಗಿಯನ್ನು ಪಂಚಮಿಗೆ ಕರೆಯಲು ಮನೆಗೆ ಬಂದವನ ಮುಂದೆ, ಅವನು ತಟ್ಟೆಯಲ್ಲಿ ಇಟ್ಟ ಖಣ ಇನ್ನೂ ಹಾಗೇ ಇರುವಾಗ, ಅವನ ಕೈಯೊಳಗಿನ ಕಾಗದದ ಫೋಟೋ ಹೊಡೆಯುವುದೆ? "ಇಡ ಆ ಫೋನ್" ಅಂದೆ. "ಮನಿಗೆ ಬಂದ ಅಣ್ಣನ್ನ ಕಳ್ಳನ್ನ ನೋಡಿದಂಗ ನೋಡಬ್ಯಾಡ. ನನ್ನ ಮರ್ಯಾದಿ ಕಳೀಬ್ಯಾಡ."

ಅವಳು ಒಂದು ಗಳಿಗೆ ನನ್ನ ಮುಖ ನೋಡಿದಳು. ಸೈನ್ಯದಲ್ಲಿ ಮೇಲಿನವರು ಹೇಳಿದ್ದನ್ನು ಕೇಳಿ ರೂಢಿಯಾದವಳು. ಫೋನ್ ಜೇಬಿಗೆ ಹಾಕಿದಳು. ನಾನು ನಾಲ್ಕು ದಿನ ಸಿಡ್ನಿಗೆ ಹೋಗಿ ಜೋಕಾಲಿ ಆಡಿ ಬಂದೆ.

ಕಾಪಿ ಬರಲಿಲ್ಲ. ಕೇಳಿದಾಗಲೆಲ್ಲ ನಾಳೆ, ನಾಡಿದ್ದು. ಕೆಲಸ ನಡೆಯುತ್ತಿತ್ತು, ಅವಳೂ ಒತ್ತಾಯ ಮಾಡಲಿಲ್ಲ. ಬೇಸಿಗೆಯ ಹೊತ್ತಿಗೆ ಅವನ ಕಾರ್ಖಾನೆಯಿಂದ ಬಂದ ಹೊದಿಕೆಗಳನ್ನು ಮೊಮ್ಮಗಳು ಬಿಚ್ಚಿ ನೋಡಿದಳು. ನನ್ನನ್ನು ಕರೆದು ತೋರಿಸಿದಳು. ನಾನು ಹೊಲಿಗೆಯ ಅಂಚು ತಿರುಗಿಸಿ ನೋಡಿದ ಕೂಡಲೇ ಇದು ಇಲ್ಲಿ ಹೊಲಿದದ್ದಲ್ಲ ಎಂದೆ. ಪರದೇಶದಿಂದ ಸಿದ್ಧ ಮಾಲು ತರಿಸಿ, ಅವರ ಚೀಟಿ ಕಿತ್ತು ನಮ್ಮ ಚೀಟಿ ಹಚ್ಚಿದ್ದರು. ಹಳೆಯ ಚೀಟಿ ಕಿತ್ತ ಜಾಗದಲ್ಲಿ ಸೂಜಿಯ ತೂತು ಹಾಗೇ ಇದ್ದವು. ಅಣ್ಣ ಫೋನ್ ಮಾಡಿ, ಇವೆಲ್ಲ ಇಲ್ಲೇ ಹೊಲಿದದ್ದು ಎಂದು ಇಲಾಖೆಗೆ ಬರೆದು ಸಹಿ ಮಾಡಿ ಕೊಡು ಅಂದ. ಮೊಮ್ಮಗಳು ಸುಳ್ಳಿಗೆ ಸಹಿ ಮಾಡುವುದಿಲ್ಲ ಅಂದಳು.

"ಮಾಡಾಕ ಬೇಕು" ಅಂದನಂತೆ. "ಏಳನೇ ಹಾಳಿ ಓದಿ ನೋಡು. ಏನು ಕಳಸಬೇಕು, ಏನು ಬರಕೊಡಬೇಕು, ಎಲ್ಲಾ ತೀರ್ಮಾನ ನಂದ."

ಆ ಸಂಜೆ ಮೊದಲ ಸಲ ಕಾಪಿ ಬಂತು. ಹನ್ನೊಂದು ಹಾಳೆ, ಕೊನೆಯದರಲ್ಲಿ ಮೂವರ ಸಹಿ. ಏಳನೇ ಹಾಳೆಯಲ್ಲಿ ತೀರ್ಮಾನವೆಲ್ಲ ಅವನದು, ಒಂಬತ್ತನೆಯದರಲ್ಲಿ ಮೊಮ್ಮಗಳು ಬಿಟ್ಟು ಹೋದರೆ ಕಂಪನಿಯ ಹೆಸರೂ ಅವನದು. ಕರಡಿನಲ್ಲಿ ಹೀಗಿರಲಿಲ್ಲವಲ್ಲ ಎಂದರೆ, ಕರಡು ಕರಡೇ, ಸಹಿ ಮಾಡಿದ್ದು ಇದಕ್ಕೆ, ನಿಮ್ಮ ಅಜ್ಜಿಯೇ ಸಾಕ್ಷಿ ಎಂದು ಉತ್ತರ ಬಂತು.

ಮೊಮ್ಮಗಳು ಕೂಗಾಡಲಿಲ್ಲ. ನನ್ನ ಕಡೆ ತಿರುಗಿ, "ಫೋಟೋ ತೆಗೀಲಿಕ್ಕೆ ಬಿಡಲಿಲ್ಲ ನೀವು" ಎಂದಳು. ಅಷ್ಟೇ. ಮರುದಿನದಿಂದ ಶೆಡ್ಡಿನಲ್ಲೇ ಬ್ರೆಡ್ಡು ತಿಂದು ಇರತೊಡಗಿದಳು. ನಾನು ಕಟ್ಟಿಕೊಟ್ಟ ಬುತ್ತಿ ಹಾಗೇ ತಿರುಗಿ ಬರುತ್ತಿತ್ತು. ಅಣ್ಣ ಕೈಕೊಟ್ಟದ್ದು ಒಂದು ನೋವು. ನಾನೂ ಅವಳಿಗೆ ಅದನ್ನೇ ಮಾಡಿದ್ದೆ ಎಂಬುದು ಇನ್ನೊಂದು, ಅದು ಹೆಚ್ಚು ನೋವು.

ಸುಮ್ಮನೆ ಇದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಅವಳು ತಾನಾಗಿ ಪಟ್ಟಿಯವರಿಗೂ ಇಲಾಖೆಗೂ ಎಲ್ಲ ಬರೆದಳು. ಪಟ್ಟಿಯವರು ಹೆಸರು ತಡೆಹಿಡಿದರು. ಕಂಪನಿ ನಿನ್ನ ಕೈಯಲ್ಲೇ ಇದೆ ಎಂದು ತೋರಿಸು, ಇಲ್ಲವೆಂದರೆ ನೀನೇ ಸುಳ್ಳು ಬರೆದುಕೊಟ್ಟ ಹಾಗೆ ಎಂದರು. ಏಳು ವರ್ಷ ಈ ದೇಶದ ಸಮವಸ್ತ್ರ ಹಾಕಿದವಳು ಮೋಸಗಾರ್ತಿ ಎಂದು ಬರೆಸಿಕೊಳ್ಳುವ ಹೊತ್ತು ಬಂತು. ಇಲಾಖೆಯವರೂ ಅದು ತೀರ್ಮಾನವಾಗುವ ತನಕ ಕೆಲಸ ನಿಲ್ಲಿಸಿದರು.

ಕ್ಲೇಟನ್‌ನಲ್ಲಿ ಒಬ್ಬ ವಕೀಲೆ ಸಿಕ್ಕಳು. ಸಣ್ಣ ವಯಸ್ಸು, ಮಾತು ಕಡಿಮೆ. ಪ್ರತಿ ಹಾಳೆಗೂ ಸಣ್ಣ ಸಹಿ ಹಾಕಿರಬೇಕಿತ್ತು ಎಂದು ತಲೆ ಅಲ್ಲಾಡಿಸಿದಳು. ಆಮೇಲೆ ನನ್ನನ್ನು ಕೇಳಿದಳು, ಸಾಕ್ಷಿ ನೀವಲ್ಲವೆ, ಆ ದಿನ ಏನೇನಾಯಿತು ಹೇಳಿ. ನಾನು ತಲೆ ತಗ್ಗಿಸಿಕೊಂಡು ಕಡಲೆಬೇಳೆ ಕುದಿಯಲು ಇಟ್ಟಲ್ಲಿಂದ ಶುರು ಮಾಡಿದೆ. ಮಗಳು ಇಂಗ್ಲಿಷಿನಲ್ಲಿ ಹೇಳುತ್ತಾ ಹೋದಳು. ಅರಿಶಿನದ ಮಾತು ಬಂದಾಗ ಮಗಳು ನಾಚಿಕೊಂಡು ಅದನ್ನು ಬಿಟ್ಟು ಮುಂದಕ್ಕೆ ಹೋದಳು. ನಾನು ತಡೆದೆ. "ಅದನ್ನೂ ಹೇಳು. ನಾ ಏನೇನು ಮಾಡೇನಿ ಎಲ್ಲಾ ಹೇಳಬೇಕು."

ಮಗಳು ಹೇಳಿದಳು. ವಕೀಲೆ ಪೆನ್ನು ಕೆಳಗಿಟ್ಟಳು. ಎಲ್ಲ ಹಾಳೆಗೂ ಹಚ್ಚಿದಿರಾ ಎಂದು ಎರಡು ಸಲ ಕೇಳಿದಳು. ಎಲ್ಲಕ್ಕೂ. ಅವಳು ಆ ಕಾಪಿಯನ್ನು ಮುಂದಕ್ಕೆ ಎಳೆದುಕೊಂಡಳು. ಕಪ್ಪುಬಿಳುಪಿನ ಕಾಪಿ, ಕೊನೆಯ ಹಾಳೆಯ ಮೂಲೆಯಲ್ಲಿ ಬೂದು ಬಣ್ಣದ ಕಲೆ ಇತ್ತು. ಉಳಿದ ಹತ್ತು ಹಾಳೆಯ ಮೂಲೆ ತೊಳೆದಿಟ್ಟ ಹಾಗೆ ಬೆಳ್ಳಗಿದ್ದವು. ಮೊಮ್ಮಗಳು ನನ್ನ ಹೆಬ್ಬೆರಳು ನೋಡಿದಳು, ಮುಖ ನೋಡಲಿಲ್ಲ.

ಮೂಲ ಕಾಗದ ತೋರಿಸಿ ಎಂದು ವಕೀಲೆ ಬರೆದಳು. ಸಿಡ್ನಿಯಲ್ಲಿ ಎರಡೂ ಕಡೆಯ ವಕೀಲರು ಕೂರುವ ಸಭೆ ಗೊತ್ತಾಯಿತು. ನನ್ನ ಮಾತನ್ನು ಇಂಗ್ಲಿಷಿಗೆ ಹೇಳಲು ಒಬ್ಬ ಹೆಣ್ಣುಮಗಳನ್ನು ಕೊಟ್ಟಿದ್ದರು, ಬೆಂಗಳೂರಿನವಳು. "ಅಜ್ಜಿ, ನನ್ನ ಕನ್ನಡ ನಿಮಗೆ ಅರ್ಥ ಆಗುತ್ತಾ?" ಎಂದು ಕೇಳಿದಳು. "ನಿಂದು ನನಗ ತಿಳೀತೈತಿ, ನಂದು ನಿನಗ ತಿಳೀತೈತಿ ಇಲ್ಲೋ ನೋಡ್ಕೋ" ಅಂದೆ. ನಕ್ಕಳು. ಇಲ್ಲಿ ಯಾರು ಏನು ಆಡಿದರೂ ನಾನು ಇಂಗ್ಲಿಷಿಗೆ ಹೇಳಲೇಬೇಕು, ಬಿಡುವ ಹಾಗಿಲ್ಲ ಎಂದು ಮೊದಲೇ ಎಲ್ಲರಿಗೂ ಹೇಳಿದಳು.

ಅಣ್ಣ ಒಳಗೆ ಬಂದ. ಕೋಟು ಹಾಕಿದ್ದ. ನನ್ನನ್ನು ನೋಡಿ, "ತಂಗಿ, ಆರಾಮ ಇದ್ದೀಯೇನವಾ?" ಎಂದ. ಎಂಟು ವರ್ಷದ ರೂಢಿಗೆ ನನ್ನ ಬಾಯಿ, "ಆರಾಮ ಅಣ್ಣ, ವೈನಿ ಹೆಂಗದಾಳ?" ಎಂದುಬಿಟ್ಟಿತು. ಬೆಂಗಳೂರಿನವಳು ಅದನ್ನೂ ಇಂಗ್ಲಿಷಿಗೆ ಹೇಳಿದಳು.

ಮೂಲ ಕಾಗದ ಮೇಜಿನ ಮೇಲೆ ಬಂತು. ಕೊನೆಯ ಹಾಳೆಯ ಮೂಲೆಯಲ್ಲಿ ಹಳದಿ ಗುರುತು. ಹಿಂದೆ ಮಿಷನ್ನಿನ ಸೂಜಿ ಹೊಕ್ಕು ಬಿದ್ದ ಗಾಯದ ಗೀರು ನನ್ನ ಹೆಬ್ಬೆರಳಿನ ಮೇಲೆ ಒಂದಿದೆ, ಅದು ಆ ಹಳದಿಯಲ್ಲೂ ಕಾಣುತ್ತಿತ್ತು. ಉಳಿದ ಹತ್ತರಲ್ಲಿ ಏನೂ ಇಲ್ಲ. ನಮ್ಮ ವಕೀಲೆ ನನ್ನನ್ನು ಕೇಳಿದಳು, ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ.

ಅಣ್ಣ ಮುಂದಕ್ಕೆ ಬಾಗಿದ. ಬೇರೆ ಯಾರೂ ಇಲ್ಲವೇನೋ ಎಂಬಂತೆ, ನಮ್ಮ ಓಣಿಯ ಕಟ್ಟೆಯ ಮೇಲೆ ಕೂತ ಹಾಗೆ, ಮೆಲ್ಲಗೆ ಕನ್ನಡದಲ್ಲಿ ಹೇಳಿದ. "ತಂಗಿ, ಅದು ಹೋಳಿಗಿ ಮಾಡಿದ ಕೈ ಹತ್ತಿ ಹೊಲಸಾಗೇತಿ ಅಂತ ತಿಳಕೊಂಡೆವಾ. ಹತ್ತು ಹಾಳಿ ಬದ್ಲಿ ಮಾಡಿದ್ದು ಖರೆ. ಆದ್ರ ನಿನ್ನ ಮೊಮ್ಮಗಳಿಗೆ ನಾ ಏನು ಕಡಿಮಿ ಮಾಡೇನಿ? ಮನಿ ಮಾತು, ಮನ್ಯಾಗ ಮುಗಸೋಣು. ನೀ ಒಂದು ಮಾತು ಹೇಳು, ಅಕಿ ಕೇಳ್ತಾಳ."

ಬೆಂಗಳೂರಿನ ಹುಡುಗಿ ಕಣ್ಣು ಮಿಟುಕಿಸದೆ ಒಂದೊಂದು ಮಾತನ್ನೂ ಇಂಗ್ಲಿಷಿಗೆ ಹೇಳಿದಳು. ಅವನ ವಕೀಲರೇ ಅವನ ಕಡೆ ತಿರುಗಿ ನೋಡಿದರು.

ಅದೇ ಕೈಯಿಂದ ಎಂಟು ವರ್ಷ ಉಂಡಿ ತಿಂದವನು ಹೊಲಸು ಎಂದು ಆಡಿದ ಆ ಮಾತು ನನ್ನ ಎದೆಯಿಂದ ಇನ್ನೂ ಹೋಗಿಲ್ಲ. ಅಕಿ ಕೇಳುತ್ತಾಳೆ ಎಂಬ ಅವನ ಮಾತು ಅದಕ್ಕಿಂತ ಆಳಕ್ಕೆ ಹೋಯಿತು. ನನ್ನ ಮಾತು ಅವಳು ಕೇಳುತ್ತಾಳೆ ಎಂದು ಅವನಿಗೆ ಪಂಚಮಿಯ ದಿನವೇ ಗೊತ್ತಾಗಿತ್ತು. ಅವನು ಕರೆಯಲು ಬಂದದ್ದು ತಂಗಿಯನ್ನೋ, ಸಾಕ್ಷಿಯನ್ನೋ? ಮೊದಲ ಏಳು ವರ್ಷ ಬಂದದ್ದು ನಿಜವಾಗಿ ಬಂದದ್ದೇ ಇರಬೇಕು. ಹಾಗೆಂದುಕೊಳ್ಳದೆ ನನಗೆ ಬೇರೆ ದಾರಿ ಇಲ್ಲ.

"ನಮ್ಮ ಮನಿಯೊಳಗ ಇನ್ನ ಮುಂದ ಅಕಿ ಮಾತು ನಾ ಕೇಳ್ತೇನಿ ಅಣ್ಣ" ಎಂದೆ. ಅದೂ ಇಂಗ್ಲಿಷಿಗೆ ಹೋಯಿತು.

ಅಂದೇ ಅವನು ಆ ಕಾಗದ ರದ್ದು ಎಂದು ಬರೆದುಕೊಟ್ಟ, ಪಾಲನ್ನೂ ಬಿಟ್ಟ. ತಿರುಗಿ ಬರುವಾಗ ವಿಮಾನದಲ್ಲಿ ಮೊಮ್ಮಗಳು ನನ್ನ ಪಕ್ಕ ಕೂತಿದ್ದಳು. ಇಳಿಯುವಾಗ ನನ್ನ ಚೀಲ ಅವಳೇ ಎತ್ತಿಕೊಂಡಳು. ಅದನ್ನೆಲ್ಲ ಪಟ್ಟಿಯವರಿಗೆ ಕಳಿಸಿ ಅವರ ಉತ್ತರಕ್ಕಾಗಿ ಆರು ವಾರ ಕಾದೆವು. ನಡುವೆ ಈ ವರ್ಷದ ಪಂಚಮಿ ಬಂದು ಹೋಯಿತು. ಯಾರೂ ಕರೆಯಲು ಬರಲಿಲ್ಲ. ನಾನು ಉಂಡಿ ಕಟ್ಟಲಿಲ್ಲ. ಅಳಿಯ ಹಿತ್ತಿಲಲ್ಲಿ ಜೋಕಾಲಿಗೆ ಹಗ್ಗ ಕಟ್ಟುತ್ತೇನೆ ಎಂದಾಗ ಬೇಡ ಎಂದೆ.

ಇವತ್ತು ಬೆಳಿಗ್ಗೆ ಆ ಉತ್ತರ ಬಂತು. ಅದರ ಬೆನ್ನಿಗೇ ಇಲಾಖೆಯವರದೂ ಬಂತು. ನಿಂತ ಕೆಲಸ ಶುರು ಮಾಡಿ, ಎಲ್ಲವನ್ನೂ ಇಲ್ಲೇ ಹೊಲಿಯಿರಿ, ಅದಕ್ಕೆ ಬೇಕಾದ ದಿನ ಕೊಡುತ್ತೇವೆ ಎಂದು ಬರೆದಿದ್ದಾರೆ. ಅಳಿಯ ಮಧ್ಯಾಹ್ನದ ಶಿಫ್ಟಿಗೆ ರಜೆ ಹಾಕಿ ಮನೆಗೆ ಬಂದ. ಮಗಳು ಹೂರಣ ರುಬ್ಬಿದಳು, ನಾನು ಕಣಕ ನಾದಿದೆ.

ಸಂಜೆ ಆರಕ್ಕೆ ಮೊಮ್ಮಗಳು ಶೆಡ್ಡಿನಿಂದ ಬಂದಳು. ಕೈ ತೊಳೆದು ಮೇಜಿನ ಮುಂದೆ ಕೂತಳು. ಈ ಮೇಜಿನ ಮುಂದೆ ನಾಲ್ವರೂ ಒಟ್ಟಿಗೆ ಕೂತು ಎಷ್ಟೋ ತಿಂಗಳಾಗಿತ್ತು. ಎರಡೂ ಉತ್ತರಗಳನ್ನು ಪ್ರಿಂಟ್ ತೆಗೆದು ತಂದಿದ್ದಳು. ಹಾಳೆಗಳನ್ನು ಸಾಲಾಗಿ ಹರಡಿ ಫೋನ್ ತೆಗೆದಳು. ತೆಗೆದವಳು ನಿಂತು ನನ್ನ ಮುಖ ನೋಡಿದಳು. ಮಗಳೂ ಅಳಿಯನೂ ನನ್ನನ್ನೇ ನೋಡಿದರು.

"ಹೊಡಿ, ಹೊಡಿ" ಅಂದೆ. "ಒಂದು ಸಾಲದು, ಎರಡೆರಡು ಹೊಡಿ."

"ಅರಿಶಿನ ಎಲ್ಲಿ ಅಜ್ಜಿ?" ಎಂದಳು. "ಅದು ಇಲ್ದೆ ಫೋಟೋ ತೆಗೆಯಲ್ಲ."

ಬಟ್ಟಲಲ್ಲಿ ಅರಿಶಿನ ಕಲಸಿ ಅವಳ ಮುಂದೆ ಇಟ್ಟೆ. ಅವಳು ತನ್ನ ಹೆಬ್ಬೆರಳು ಅದ್ದಿ ಒಂದೊಂದು ಹಾಳೆಯ ಮೂಲೆಗೂ ಒತ್ತಿದಳು. ಒಂದನ್ನೂ ಬಿಡಲಿಲ್ಲ. ಫೋಟೋ ಹೊಡೆದು ಕಾಗದ ಎತ್ತಿಟ್ಟಳು. ನಾನು ಕಾವಲಿಯ ಮೇಲಿನಿಂದ ಬಿಸಿ ಹೋಳಿಗೆ ತಂದು ಅವಳ ತಟ್ಟೆಗೆ ಹಾಕಿ ತುಪ್ಪ ಸುರಿದೆ. ಮೊದಲ ತುತ್ತು ಮುರಿಯುವಾಗ ಅವಳ ಬೆರಳಿಗೆ ಅರಿಶಿನ ಇನ್ನೂ ಹತ್ತಿಕೊಂಡಿತ್ತು. ತೊಳೆದುಕೋ ಎಂದರೆ ಕೇಳಲಿಲ್ಲ, ಹಾಗೇ ತಿಂದಳು. ಎರಡನೆಯದು ಕೇಳಿದಳು, ಮೂರನೆಯದನ್ನೂ ಕೇಳಿದಳು. ಅಳಿಯ ಕಟ್ಟಿನ ಸಾರನ್ನು ಬಟ್ಟಲು ಎತ್ತಿ ಕುಡಿದ. "ಅವ್ವಾ, ಬೇಯಿಸಿದ್ದು ಸಾಕು, ನೀನೂ ಕೂಡು" ಎಂದು ಮಗಳು ನನ್ನ ಕೈಯೊಳಗಿನ ಸೌಟು ಕಸಿದುಕೊಂಡಳು. ನಾನೂ ಅವರ ನಡುವೆ ಕೂತು ಉಂಡೆ.